ಚಾಕು ಕೊಳ್ಳುವ ಮೊದಲು ಕಲ್ಲು ಕೊಳ್ಳಿ

ಯಾವ ಚಾಕು ತಗೊಳ್ಳಲಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು, ಮನೆಯಲ್ಲಿ ಸಾಣೆಕಲ್ಲು ಇದೆಯಾ ಅಂತ. ಹೆಚ್ಚಿನವರ ಮನೆಯಲ್ಲಿ ಇರುವುದಿಲ್ಲ. ಜಯನಗರವಿರಲಿ, ಯಲಹಂಕವಿರಲಿ, ಬೆಂಗಳೂರಿನ ಯಾವ ಅಡುಗೆಮನೆಯ ಡ್ರಾಯರ್ ಎಳೆದರೂ ನಾಲ್ಕಾರು ಚಾಕು ಸಿಗುತ್ತವೆ. ಪ್ಲಾಸ್ಟಿಕ್ ಹಿಡಿಯದೊಂದು, ಗರಗಸದ ಹಲ್ಲಿನದೊಂದು, ಗೃಹಪ್ರವೇಶಕ್ಕೆ ಉಡುಗೊರೆ ಬಂದ ಸೆಟ್ಟಿನಲ್ಲಿ ಉಳಿದ ಇನ್ನೆರಡು. ಒಂದಕ್ಕೂ ಬಾಯಿ ಇರುವುದಿಲ್ಲ. ಮಾಗಿದ ಟೊಮೇಟೊ ಮೇಲಿಟ್ಟು ಎಳೆದರೆ ಸಿಪ್ಪೆ ಮೊದಲು ತಗ್ಗುತ್ತದೆ, ಆಮೇಲೆ ಒಡೆಯುತ್ತದೆ, ರಸ ಕಟ್ಟೆಯ ಮೇಲೆ ಹರಿಯುತ್ತದೆ. "ಈ ಚಾಕು ಹೋಯ್ತು, ಹೊಸದು ತರ್ಬೇಕು" ಅನ್ನುತ್ತಾರೆ. ಹೊಸದೂ ಕೆಲವು ತಿಂಗಳಲ್ಲಿ ಅದೇ ಡ್ರಾಯರು ಸೇರುತ್ತದೆ.

ಚಾಕು ಹೋಗಿರುವುದಿಲ್ಲ. ಅದರ ಅಂಚು ಮಡಚಿಕೊಂಡಿರುತ್ತದೆ, ಅಷ್ಟೇ. ಹರಿತವಾದ ಅಲಗಿನ ತುದಿ ಎಷ್ಟು ತೆಳುವೆಂದರೆ ಹಲಗೆಗೆ ತಾಗಿ ತಾಗಿ ಒಂದು ಬದಿಗೆ ವಾಲಿಕೊಳ್ಳುತ್ತದೆ, ಅಲ್ಲಲ್ಲಿ ಸವೆದು ದುಂಡಗಾಗುತ್ತದೆ. ವಾಲಿದ್ದನ್ನು ನೆಟ್ಟಗೆ ಮಾಡಬಹುದು, ದುಂಡಗಾದದ್ದನ್ನು ಮಸೆದು ಚೂಪು ಮಾಡಬಹುದು. ಇಷ್ಟು ಕೈಗೆ ಬಂದರೆ ಒಂದು ಸಾಧಾರಣ ಚಾಕು ಹತ್ತಾರು ವರ್ಷ ಬಾಳುತ್ತದೆ. ಬಾರದಿದ್ದರೆ ಹತ್ತು ಸಾವಿರ ಕೊಟ್ಟು ತಂದ ಜಪಾನಿನ ಚಾಕೂ ಅದೇ ಡ್ರಾಯರಿಗೇ ಹೋಗುತ್ತದೆ. ಹಾಗಾಗಿ ನನ್ನ ಮಟ್ಟಿಗೆ ಒಳ್ಳೆಯ ಚಾಕುವೆಂದರೆ ಕೊಂಡವರು ತಾವೇ ಕೂತು ಮಸೆಯಬಲ್ಲ ಚಾಕು. ಉಕ್ಕು, ಹಿಡಿ, ಬ್ರ್ಯಾಂಡು ಎಲ್ಲ ಅದಾದ ಮೇಲಿನ ಮಾತು.

ಮೊಂಡು ಚಾಕು ಮಕ್ಕಳಿರುವ ಮನೆಗೆ ಒಳ್ಳೆಯದು ಎಂದು ನಂಬಿದವರಿದ್ದಾರೆ. ಇದನ್ನು ನಾನು ಸುತಾರಾಂ ಒಪ್ಪುವುದಿಲ್ಲ. ಮೊಂಡು ಅಲಗಿಗೆ ಬಲ ಹಾಕಬೇಕು. ಬಲ ಹಾಕಿದ ಕೈ ಈರುಳ್ಳಿಯ ನುಣುಪು ಸಿಪ್ಪೆಯ ಮೇಲೆ ಜಾರಿದರೆ ಎಲ್ಲಿ ಹೋಗಿ ನಿಲ್ಲುತ್ತದೋ ಹೇಳಲಾಗದು. ಹರಿತವಾದದ್ದು ಇಟ್ಟ ಕಡೆ ಇಳಿಯುತ್ತದೆ. ಮಕ್ಕಳಿಗೂ ಸಣ್ಣ, ಹರಿತವಾದ ಚಾಕು ಕೊಟ್ಟು, ಪಕ್ಕದಲ್ಲಿ ನಿಂತು, ಬೆರಳ ತುದಿ ಒಳಕ್ಕೆ ಮಡಚಿ ಸೌತೆಕಾಯಿ ಹಿಡಿಯುವುದನ್ನು ಕಲಿಸುವುದೇ ಸರಿ.

ನಮ್ಮ ಅಜ್ಜಿಯರ ಕಾಲಕ್ಕೆ ಈ ತೊಂದರೆ ಇಷ್ಟಿರಲಿಲ್ಲ, ಯಾಕೆಂದರೆ ಅವರ ಕೈಯಲ್ಲಿ ಚಾಕು ಇರಲಿಲ್ಲ. ಕಾಲ ಕೆಳಗೆ ಈಳಿಗೆಮಣೆ ಇತ್ತು. ಒಂದು ಮಂಡಿ ಎತ್ತಿ ಕೂತು, ಮಣೆಯನ್ನು ಪಾದದಡಿ ಅದುಮಿಕೊಂಡರೆ ಅಲಗು ಅಲ್ಲಾಡದೆ ನಿಲ್ಲುತ್ತದೆ. ತರಕಾರಿಯೇ ಅಲಗಿನತ್ತ ಹೋಗುತ್ತದೆ. ಎರಡೂ ಕೈ ಬಿಡುವಾಗಿರುವುದರಿಂದ ಒಂದು ಹಿಡಿ ಹುರುಳಿಕಾಯಿಯನ್ನು ಒಟ್ಟಿಗೆ ಹಿಡಿದು ಸರಸರ ಹೆಚ್ಚಬಹುದು, ಕುಂಬಳಕಾಯಿಯ ಹೋಳನ್ನು ಎರಡು ಕೈಯಲ್ಲಿ ಒತ್ತಬಹುದು. ಅಲಗು ಕಲ್ಲಿಗಾಗಲಿ ತಟ್ಟೆಗಾಗಲಿ ತಾಗುವುದೇ ಇಲ್ಲ. ಬರೀ ತರಕಾರಿ ತಾಗುವ ಅಲಗು ಬೇಗ ಮೊಂಡಾಗುವುದಿಲ್ಲ. ಆಮೇಲೆ ನಿಂತು ಅಡುಗೆ ಮಾಡುವ ಕಟ್ಟೆಗಳು ಬಂದವು, ಫ್ಲ್ಯಾಟುಗಳು ಬಂದವು, ಮಂಡಿ ನೋವೂ ಬಂತು. ಎದ್ದು ನಿಂತ ನಮ್ಮ ಕೈಗೆ ಚಾಕು ಸಿಕ್ಕಿತು. ಅದರ ಜೊತೆ ಬರಬೇಕಾಗಿದ್ದ ಮರದ ಹಲಗೆ, ಮಸೆಯುವ ಕಲ್ಲು ಎರಡೂ ಬರಲಿಲ್ಲ. ಗ್ರಾನೈಟ್ ಕಟ್ಟೆಯ ಮೇಲೆ, ಸ್ಟೀಲ್ ತಟ್ಟೆಯ ಮೇಲೆ ಹೆಚ್ಚುವುದು ರೂಢಿಯಾಯಿತು. ಗ್ರಾನೈಟಿನಲ್ಲಿರುವ ಬೆಣಚು ಚಾಕುವಿನ ಉಕ್ಕಿಗಿಂತ ಗಟ್ಟಿ. ಅದರ ಮೇಲೆ ಒಂದು ಸಲ ಎಳೆದರೂ ಅಂಚು ಕೆಡುತ್ತದೆ.

ಸಾಣೆ ಹಿಡಿಯುವವರು ಈಗಲೂ ಇದ್ದಾರೆ. ಬಸವನಗುಡಿ, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಬೆಳಗಿನ ಹೊತ್ತು ಆ ಕೂಗು ಕೇಳುತ್ತದೆ. ಸೈಕಲ್ಲನ್ನು ಸ್ಟ್ಯಾಂಡಿಗೆ ಎತ್ತಿ, ಪೆಡಲ್ ತುಳಿದರೆ ಬೆಲ್ಟಿನಲ್ಲಿ ಸಾಣೆಚಕ್ರ ತಿರುಗುತ್ತದೆ. ಕೆಲವರು ಮೋಟಾರ್ ಕೂರಿಸಿಕೊಂಡಿದ್ದಾರೆ. ಇವರಿಗೆ ಕೆಲಸ ಕೊಡಿ ಎಂದೇ ನಾನು ಹೇಳುವುದು, ಆದರೆ ಪಕ್ಕದಲ್ಲಿ ನಿಂತು ಮಾಡಿಸಿಕೊಳ್ಳಿ. ನಮ್ಮ ರಸ್ತೆಗೆ ಬರುವವರೊಬ್ಬರಿಗೆ "ನಿಧಾನಕ್ಕೆ ಹಿಡೀರಣ್ಣ, ಬಿಸಿ ಆಗೋದು ಬೇಡ" ಅಂದೆ. "ಅವಸರ ಮಾಡೋರಿಗೆ ಒಣ ಕಲ್ಲಲ್ಲೇ ಹಿಡ್ಕೊಡ್ತೀನಿ ಸಾರ್. ನೀವು ನಿಂತಿರ್ತೀನಿ ಅಂದ್ರೆ ನೀರು ಹಾಕ್ಕೊಂಡು ಹಿಡೀತೀನಿ" ಅಂದು ಡಬ್ಬಿಯಿಂದ ನೀರು ಚಿಮುಕಿಸಿ ಶುರುಮಾಡಿದರು. ಪ್ರತಿ ಎಳೆತಕ್ಕೂ ಅಲಗನ್ನು ಹೆಬ್ಬೆರಳಿಂದ ಮುಟ್ಟಿ ಬಿಸಿ ನೋಡುತ್ತಿದ್ದರು. ಕಸುಬು ಗೊತ್ತಿದ್ದ ಕೈ ಅದು.

ಬಿಸಿಯ ಬಗ್ಗೆ ಯಾಕಿಷ್ಟು ತಲೆಬಿಸಿ ಎಂದರೆ, ಚಾಕುವಿನ ಹದವೆಲ್ಲ ಇರುವುದು ಬೆಂಕಿಯ ಲೆಕ್ಕದಲ್ಲಿ. ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಗೋ ನೀರಿಗೋ ಅದ್ದಿದಾಗ ಗಡಸಾಗುತ್ತದೆ, ಆದರೆ ಬಿದ್ದರೆ ಒಡೆಯುವಷ್ಟು ಪೆಡಸೂ ಆಗುತ್ತದೆ. ಆ ಪೆಡಸು ಇಳಿಸಲು ಸುಮಾರು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮತ್ತೊಮ್ಮೆ ಹದವಾಗಿ ಕಾಯಿಸುತ್ತಾರೆ. ಒಣ ಸಾಣೆಚಕ್ರದ ಮೇಲೆ ತೆಳು ಅಂಚನ್ನು ಒತ್ತಿ ಹಿಡಿದರೆ ಕ್ಷಣಾರ್ಧದಲ್ಲಿ ಆ ಶಾಖ ದಾಟಿಹೋಗುತ್ತದೆ. ಶಾಖ ಏರಿದಂತೆ ಅಂಚಿನ ಬಣ್ಣ ಬದಲಾಗುತ್ತದೆ: ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, 300 ಡಿಗ್ರಿ ಹತ್ತಿರ ಬಂದರೆ ನೀಲಿ. ಸಾಣೆ ಹಿಡಿಸಿ ತಂದ ಚಾಕುವಿನ ಅಂಚಿನಲ್ಲಿ ನೀಲಿ ಕಲೆ ಕಂಡರೆ ಅಷ್ಟು ಜಾಗದ ಗಡಸುತನ ಹೋಯಿತೆಂದೇ ಅರ್ಥ. ಎಷ್ಟು ಚೂಪಿದ್ದರೂ ಎರಡು ದಿನಕ್ಕೆ ಮತ್ತೆ ಮೊಂಡು. ಮನೆಯಲ್ಲಿ ಕಲ್ಲಿನ ಮೇಲೆ ನೀರು ಹಾಕಿ ಕೈಯಲ್ಲಿ ಮಸೆಯುವವರಿಗೆ ಈ ಭಯವೇ ಇಲ್ಲ.

ಈ ಬೆಂಕಿಯ ಲೆಕ್ಕ ನಮ್ಮ ಸೀಮೆಗೆ ಹೊಸದಲ್ಲ. ದಕ್ಷಿಣ ಭಾರತದ ಮೂಸೆಗಳಲ್ಲಿ ಕರಗಿ ಗಟ್ಟಿಯಾಗುತ್ತಿದ್ದ ಉಕ್ಕಿನ ಗಟ್ಟಿಗಳು ಶತಮಾನಗಳ ಕಾಲ ಪಶ್ಚಿಮ ಏಷ್ಯಾಕ್ಕೆ ಹೋದವು. ಯುರೋಪಿನವರು ಅದನ್ನು ವೂಟ್ಜ್ ಎಂದು ಕರೆದರು. ಮೈಸೂರು ಸೀಮೆಯಲ್ಲೂ ಆ ಮೂಸೆಗಳಿದ್ದವು. 1800ರಲ್ಲಿ ಈ ಕಡೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಉಕ್ಕು ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ. ಇಂದು ಬಣ್ಣದ ಗೊಂಬೆಗೆ ಹೆಸರಾದ ಚನ್ನಪಟ್ಟಣ ಆಗ ವಾದ್ಯಗಳ ಉಕ್ಕಿನ ತಂತಿಗೆ ಹೆಸರಾಗಿತ್ತು ಎಂಬುದನ್ನೂ ಅವನೇ ದಾಖಲಿಸಿದ್ದು. ಲಂಡನ್ನಿನಲ್ಲಿ 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯ ಈ ಉಕ್ಕಿನ ಬಗ್ಗೆ ಅಲ್ಲಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದ. 1819ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ವಿಶ್ಲೇಷಿಸಿದ. ವಿದ್ಯುತ್ತಿನಲ್ಲಿ ದೊಡ್ಡ ಹೆಸರು ಮಾಡುವ ಮೊದಲು ಅವನು ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕನ ಜೊತೆಗೂಡಿ ಉಕ್ಕಿನ ಬೆನ್ನು ಹತ್ತಿದ್ದ. ನನಗೆ ಮುಖ್ಯವೆನಿಸುವ ಸಂಗತಿ ಬೇರೆ. ಆ ಉಕ್ಕಿನಲ್ಲಿ ಇಂಗಾಲ ಸುಮಾರು ಶೇಕಡಾ 1.5, ಈಗಿನ ಅಡುಗೆ ಚಾಕುಗಳಲ್ಲಿರುವುದರ ಎರಡು-ಮೂರು ಪಟ್ಟು. ಯುರೋಪಿನ ಕಮ್ಮಾರರು ತಮಗೆ ರೂಢಿಯಿದ್ದಷ್ಟು ಜೋರಾಗಿ ಕಾಯಿಸಿ ಬಡಿದರೆ ಅದು ಸುತ್ತಿಗೆಯ ಕೆಳಗೇ ಪುಡಿಯಾಗುತ್ತಿತ್ತು. ಕಡಿಮೆ ಶಾಖದಲ್ಲಿ, ತಾಳ್ಮೆಯಿಂದ ಬಡಿಯುವ ಕೈಗೆ ಮಾತ್ರ ಅದು ಒಲಿಯುತ್ತಿತ್ತು. ಜಗತ್ತಿನಲ್ಲೇ ಶ್ರೇಷ್ಠವೆನಿಸಿದ ಉಕ್ಕೂ ಅದರ ಹದ ಬಲ್ಲವರ ಕೈಗೆ ಹೋದಾಗಲೇ ಕತ್ತಿಯಾಯಿತು. ಅಂಗಡಿಯಲ್ಲಿ ಚಾಕು ಆರಿಸುವ ನಮಗೂ ಅನ್ವಯಿಸುವ ಮಾತಿದು.

ಈಗ ಆರಿಸುವ ವಿಚಾರ. ಚಾಕುವಿನ ಗಡಸುತನವನ್ನು ರಾಕ್‌ವೆಲ್ ಸಿ ಅಳತೆಯಲ್ಲಿ ಹೇಳುತ್ತಾರೆ. ಸ್ವಿಟ್ಜರ್‌ಲೆಂಡ್, ಜರ್ಮನಿಯ ಅಡುಗೆ ಚಾಕುಗಳು ಸಾಮಾನ್ಯವಾಗಿ 55ರಿಂದ 58. ಜಪಾನಿನವು 60ರ ಮೇಲೆ. ಅಂಕಿ ಹೆಚ್ಚಿದಷ್ಟೂ ಅಂಚು ಹೆಚ್ಚು ದಿನ ನಿಲ್ಲುತ್ತದೆ, ಹೆಚ್ಚು ತೆಳುವಾಗಿ ಮಸೆಯಬಹುದು. ಅಷ್ಟೇ ಸುಲಭವಾಗಿ ಚಕ್ಕೆ ಏಳುತ್ತದೆ, ಮಸೆಯಲೂ ಹೊತ್ತು ಹಿಡಿಯುತ್ತದೆ. ನಮ್ಮ ಅಡುಗೆಮನೆಯ ಕೆಲಸ ನೋಡಿ: ಬೂದುಗುಂಬಳ ಸೀಳಬೇಕು, ಸುವರ್ಣಗೆಡ್ಡೆಯ ಗಟ್ಟಿ ಸಿಪ್ಪೆ ಹೆರೆಯಬೇಕು, ಒಮ್ಮೊಮ್ಮೆ ತೆಂಗಿನ ಹೋಳನ್ನು ಚಿಪ್ಪಿನಿಂದ ಮೀಟಿ ತೆಗೆಯುವುದೂ ಅದೇ ಚಾಕುವಿನಲ್ಲಿ. 62ರ ಗಡಸಿನ ತೆಳು ಅಲಗನ್ನು ಹೀಗೆ ತಿರುಚಿದರೆ ಅಂಚಿನಿಂದ ಚೂರು ಹಾರುತ್ತದೆ. 56ರದ್ದು ಬಾಗುತ್ತದೆ, ಮಸೆದರೆ ಸರಿಹೋಗುತ್ತದೆ. ಹಾಗಾಗಿ ಮನೆಗೆ 55ರಿಂದ 58ರೊಳಗಿನ ಸ್ಟೇನ್‌ಲೆಸ್ ಚಾಕು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲಗು 15ರಿಂದ 20 ಸೆಂಟಿಮೀಟರ್ ಇರುವ ದೊಡ್ಡದೊಂದು; ಸಿಪ್ಪೆ ತೆಗೆಯಲು, ಕೈಯಲ್ಲೇ ಹಿಡಿದು ಹೆಚ್ಚಲು 8-10 ಸೆಂಟಿಮೀಟರಿನ ಸಣ್ಣದೊಂದು. ಆರರ ಸೆಟ್ಟು ಯಾರಿಗೂ ಬೇಡ.

ಚಿಕ್ಕಪೇಟೆಯ ಪಾತ್ರೆ ಅಂಗಡಿಗೆ ಹೋದರೆ ಡಬ್ಬಿ ಬಿಚ್ಚಿಸಿ ಕೈಯಲ್ಲಿ ಹಿಡಿದು ನೋಡಿ. ಅಲಗಿನ ಬುಡವನ್ನು ಹೆಬ್ಬೆರಳು-ತೋರುಬೆರಳ ನಡುವೆ ಹಿಡಿದು ಉಳಿದ ಮೂರು ಬೆರಳನ್ನು ಹಿಡಿಗೆ ಸುತ್ತಿದಾಗ ಗೆಣ್ಣು ಹಲಗೆಗೆ ಬಡಿಯುತ್ತದೆಯೇ? ಬೆನ್ನಿನ ಅಂಚು ಬೆರಳಿಗೆ ಒತ್ತುತ್ತದೆಯೇ? ಕಣ್ಣಿನ ಮಟ್ಟಕ್ಕೆ ಎತ್ತಿ ಮೊನೆಯತ್ತ ನೋಡಿದರೆ ಅಲಗು ನೆಟ್ಟಗಿದೆಯೇ? ಹಿಡಿಗೂ ಅಲಗಿಗೂ ನಡುವೆ ಸಂದು ಇದ್ದರೆ ಬಿಟ್ಟುಬಿಡಿ, ಅಲ್ಲಿ ಕೊಳೆ ಕೂರುತ್ತದೆ.

ಸ್ಟೇನ್‌ಲೆಸ್ಸೋ, ತುಕ್ಕು ಹಿಡಿಯುವ ಹಳೇ ಬಗೆಯ ಕಾರ್ಬನ್ ಉಕ್ಕೋ ಎಂಬುದು ಊರನ್ನೂ ಅವಲಂಬಿಸಿದ್ದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಸುಮಾರು ಶೇಕಡಾ 13ರಷ್ಟು ಕ್ರೋಮಿಯಂ ಬೆರೆಸಿದ ಉಕ್ಕು ಮಾಡುವವರೆಗೆ ಎಲ್ಲರ ಮನೆಯ ಚಾಕೂ ತುಕ್ಕು ಹಿಡಿಯುತ್ತಿತ್ತು. ಮಂಗಳೂರು, ಕಾರವಾರದ ಉಪ್ಪುಗಾಳಿಗೆ, ಆಗುಂಬೆಯ ಮಳೆಗೆ ಕಾರ್ಬನ್ ಉಕ್ಕು ಕಾಪಾಡುವುದು ಕಷ್ಟ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನ ಹವೆಯಲ್ಲಿ ಅದು ಸುಖವಾಗಿರುತ್ತದೆ, ಉಪಯೋಗಿಸಿದ ಕೂಡಲೇ ತೊಳೆದು ಒರೆಸಿದರೆ ಸಾಕು. ಅದು ಬಹಳ ಚೆನ್ನಾಗಿ ಮಸೆಯಲು ಬರುತ್ತದೆ. ಈರುಳ್ಳಿ, ಟೊಮೇಟೊ ಹೆಚ್ಚುತ್ತಾ ಹೋದಂತೆ ಅಲಗಿನ ಮೇಲೆ ಬೂದು-ನೀಲಿ ಪೊರೆ ಕಟ್ಟುತ್ತದೆ. ಆ ಪೊರೆಯನ್ನು ಉಜ್ಜಿ ತೆಗೆಯಬಾರದು, ಕೆಂಪು ತುಕ್ಕನ್ನು ತಡೆಯುವುದೇ ಅದು. ಒಂದೇ ಎಚ್ಚರ: ಬಾಳೆಕಾಯಿ, ಬಾಳೆಹೂವಿಗೆ ಕಾರ್ಬನ್ ಚಾಕು ಬೇಡ. ಅವುಗಳ ಒಗರಿಗೆ ಕಬ್ಬಿಣ ಸೇರಿದರೆ ಪಲ್ಯ ಕಪ್ಪಾಗುತ್ತದೆ.

ಇನ್ನು ಕಲ್ಲು. ಎಸ್.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಒಂದು ಬದಿ ಒರಟು, ಇನ್ನೊಂದು ಬದಿ ನಯವಾಗಿರುವ ಕಾರ್ಬೊರಂಡಮ್ ಕಲ್ಲು ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ಇನ್ನೂ ನಯ ಬೇಕೆಂದವರು 1000ದ ಅಂಕಿಯ ನೀರುಗಲ್ಲು (ಅಂಕಿ ಹೆಚ್ಚಿದಷ್ಟೂ ಕಲ್ಲು ನಯ) ತರಿಸಿಕೊಳ್ಳಬಹುದು. ಕಲ್ಲಿಗೆ ನೀರು ಹಾಕುವುದೋ ಎಣ್ಣೆ ಹಾಕುವುದೋ ಮೊದಲೇ ತೀರ್ಮಾನಿಸಿ. ಎಣ್ಣೆ ಕುಡಿದ ಕಲ್ಲು ಮತ್ತೆ ನೀರು ಹೀರುವುದಿಲ್ಲ. ನಾನು ನೀರಿನ ಪಕ್ಷ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಒದ್ದೆ ಬಟ್ಟೆಯ ಮೇಲೆ ಕಲ್ಲು ಕೂರಿಸುತ್ತೇನೆ, ಜಾರದಂತೆ. ಅಲಗನ್ನು ಮೊದಲು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ 90 ಡಿಗ್ರಿ. ಅದರ ಅರ್ಧಕ್ಕೆ ವಾಲಿಸಿದರೆ 45. ಮತ್ತರ್ಧ ವಾಲಿಸಿದರೆ 22.5. ಅದಕ್ಕಿಂತ ಕೂದಲೆಳೆ ಕೆಳಗೆ ಇಳಿಸಿದರೆ ಮನೆ ಚಾಕುವಿಗೆ ಬೇಕಾದ 20 ಡಿಗ್ರಿ. ಅಲಗಿನ ಅಗಲ 4 ಸೆಂಟಿಮೀಟರ್ ಇದ್ದರೆ ಆಗ ಅದರ ಬೆನ್ನು ಕಲ್ಲಿನಿಂದ 1.4 ಸೆಂಟಿಮೀಟರಿನಷ್ಟು, ಹೆಚ್ಚುಕಮ್ಮಿ ಕಿರುಬೆರಳ ದಪ್ಪದಷ್ಟು, ಮೇಲಿರುತ್ತದೆ. ಆ ಎತ್ತರ ಕಾಯ್ದುಕೊಳ್ಳುವುದೇ ಇಡೀ ವಿದ್ಯೆ. ಎಡಗೈಯ ಎರಡು ಬೆರಳನ್ನು ಅಲಗಿನ ಮೇಲಿಟ್ಟು, ಬುಡದಿಂದ ಮೊನೆಯವರೆಗೆ ಬೆರಳು ಸರಿಸುತ್ತಾ, ಹಿಂದೆ ಮುಂದೆ ತಿಕ್ಕುತ್ತಾ ಹೋದರೆ ಕಲ್ಲಿನ ಮೇಲೆ ಬೂದುಬಣ್ಣದ ಕೆಸರು ಏಳುತ್ತದೆ. ಅದನ್ನು ತೊಳೆಯಬೇಡಿ, ಅದೂ ಮಸೆಯುತ್ತದೆ. ಮೊದಲು ಗರಗರ ಎನ್ನುವ ಸದ್ದು ಸ್ವಲ್ಪ ಹೊತ್ತಿಗೆ ತಗ್ಗಿ ಒಂದೇ ಸಮನಾಗುತ್ತದೆ. ಆಗ ನಿಲ್ಲಿಸಿ, ಇನ್ನೊಂದು ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ, ಹೊರಕ್ಕೆ, ಮೆಲ್ಲಗೆ ಸವರಿದರೆ ಏನೋ ತಡೆಯುತ್ತದೆ. ಸವೆದ ಲೋಹದ ನವಿರು ಎಳೆಯೊಂದು ಆಚೆ ಬದಿಗೆ ಮಗುಚಿಕೊಂಡಿರುತ್ತದೆ. ಬುಡದಿಂದ ಮೊನೆಯವರೆಗೆ ಎಲ್ಲೂ ಬಿಡದೆ ಅದು ಸಿಕ್ಕಿದರೆ ಒಂದು ಬದಿ ಮುಗಿಯಿತು. ಎಲ್ಲೋ ಒಂದು ಬೆರಳಗಲ ಸಿಗದಿದ್ದರೆ ಅಲ್ಲಿ ಇನ್ನೂ ಮಸೆಯಬೇಕು. ಈ ಎಳೆ ಏಳುವ ಮುಂಚೆಯೇ ಚಾಕು ತಿರುಗಿಸಿದರೆ ಎಷ್ಟು ಹೊತ್ತು ತಿಕ್ಕಿದರೂ ಹರಿತವಾಗದು. ಮನೆಯಲ್ಲಿ ಮಸೆದದ್ದು ನಿಲ್ಲುವುದಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ.

ಇನ್ನೊಂದು ಬದಿಗೂ ಹಾಗೆಯೇ. ಆಮೇಲೆ ನಯ ಬದಿಯಲ್ಲಿ, ಕೈಯ ಭಾರ ಕಡಿಮೆ ಮಾಡುತ್ತಾ ಮಾಡುತ್ತಾ, ಕೊನೆಗೆ ಚಾಕುವಿನ ತೂಕವಷ್ಟೇ ಉಳಿಯುವಂತೆ. ಉಳಿದ ಎಳೆಯನ್ನು ತೆಗೆಯಲು ಹಳೇ ಚರ್ಮದ ಬೆಲ್ಟಿನ ಒಳಬದಿ ಸಾಕು; ಅದಿಲ್ಲದಿದ್ದರೆ ಕಲ್ಲಿನ ಮೇಲೆ ದಿನಪತ್ರಿಕೆಯ ಹಾಳೆ ಮಡಚಿಟ್ಟು, ಅಂಚು ಹಿಂದೆ ಬರುವಂತೆ ಎಳೆದರೂ ನಡೆಯುತ್ತದೆ. ಕ್ಷೌರದಂಗಡಿಯಲ್ಲಿ ಹಳಬರು ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತಿದ್ದುದು ಇದಕ್ಕೇ. ಪರೀಕ್ಷೆಗೆ ಮತ್ತೆ ಟೊಮೇಟೊ. ಒತ್ತಬಾರದು, ಅಲಗನ್ನು ಸಿಪ್ಪೆಯ ಮೇಲಿಟ್ಟು ಸುಮ್ಮನೆ ಎಳೆಯಬೇಕು. ಇಳಿದರೆ ಸರಿ.

ನಾಲ್ಕು ಜನರ ಮನೆಗೆ ತಿಂಗಳು ಎರಡು ತಿಂಗಳಿಗೊಮ್ಮೆ ಕಲ್ಲು, ನಡುವೆ ವಾರಕ್ಕೊಮ್ಮೆ, ವಾಲಿದ ಅಂಚನ್ನು ನೆಟ್ಟಗೆ ಮಾಡುವ ಉಕ್ಕಿನ ಕಂಬಿಗೆ ನಾಲ್ಕು ಸಲ ಸವರುವುದು ಸಾಕಾಗುತ್ತದೆ. ಕಂಬಿ ಇಲ್ಲದ ಮನೆಯಲ್ಲಿ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ, ತಳದ ಹೊಳಪಿಲ್ಲದ ಒರಟು ಬಳೆಗೆ ಸವರಬಹುದು. ಮಲೆನಾಡು, ಕರಾವಳಿಯ ಕಡೆ ಮರದ ಹಲಗೆಗೆ ಬೆಣಚುಕಲ್ಲಿನ ಪುಡಿ ಉದುರಿಸಿ ಕತ್ತಿ ಮಸೆಯುವುದುಂಟು. ಚಾಕುವನ್ನು ಸೀಳಿನಲ್ಲಿ ತೂರಿಸಿ ಎಳೆಯುವ ಪ್ಲಾಸ್ಟಿಕ್ ಉಪಕರಣಗಳನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಅವು ಅಂಚನ್ನು ಕೆರೆದು ಕೀಳುತ್ತವೆ.

ಮಸೆದ ಚಾಕುವನ್ನು ಕಾಪಾಡುವುದರಲ್ಲಿ ಹೆಚ್ಚಿನದು ಹಲಗೆಯ ಕೆಲಸ. ಬೇವು, ಮಾವು, ಹಲಸಿನ ಮರದ ಹಲಗೆ ಒಳ್ಳೆಯದು. ತೇಗದಲ್ಲಿ ಮರಳಿನಂಶವಿರುವುದರಿಂದ ಅಂಚು ಬೇಗ ಸವೆಯುತ್ತದೆ, ಬಿದಿರೂ ಹಾಗೆಯೇ. ಗಾಜಿನ ಹಲಗೆಯನ್ನು ಮನೆಗೇ ತರಬೇಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಹಲಗೆಯನ್ನು ಮಲಗಿಸಿಡದೆ ನಿಲ್ಲಿಸಿ ಒಣಗಿಸಬೇಕು, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಹಲಸಿನಹಣ್ಣು ಬಿಡಿಸುವ ಮೊದಲು ಅಲಗಿಗೂ ಕೈಗೂ ಕೊಬ್ಬರಿ ಎಣ್ಣೆ ಹಚ್ಚುವುದು ಎಲ್ಲರಿಗೂ ಗೊತ್ತು. ಅದೇ ಎಣ್ಣೆ ಕಾರ್ಬನ್ ಉಕ್ಕಿಗೆ ಕಾವಲಾಗಿಯೂ ಆಗುತ್ತದೆ. ಸೂರ್ಯಕಾಂತಿ ಎಣ್ಣೆಯ ಹಾಗೆ ಒಣಗಿ ಅಂಟಾಗುವುದಿಲ್ಲ.

ಸಿಂಕಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಪಾತ್ರೆಗಳ ಅಡಿಯಲ್ಲಿ, ನೊರೆ ನೀರಿನೊಳಗೆ ಚಾಕು ಬಿಡಬಾರದು. ಬೆಳಿಗ್ಗೆ ಬಂದು ಪಾತ್ರೆ ತೊಳೆಯುವ ಅಕ್ಕ ನೀರಿಗೆ ಕೈ ಹಾಕುವುದು ನೋಡಿಕೊಂಡಲ್ಲ. ಅವರ ಕೈ ಕೊಯ್ದರೆ ಒಂದು ಮನೆಯ ಕೆಲಸವಲ್ಲ, ಆ ವಾರದ ಎಲ್ಲ ಮನೆಗಳ ಕೆಲಸ ನಿಲ್ಲುತ್ತದೆ. ಚಾಕು ಬಳಸಿದವರೇ ತೊಳೆದು ಒರೆಸಿ ಎತ್ತಿಡಬೇಕು. ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು, ಜಗಳವಾಗುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರಲ್ಲ, ಅದನ್ನು ನಾನು ಶ್ರದ್ಧೆಯಿಂದ ಪಾಲಿಸುತ್ತೇನೆ. ಕೆಳಗಿಟ್ಟರೆ ಇನ್ನೊಬ್ಬರು ಹಿಡಿಯನ್ನೇ ಹಿಡಿದು ಎತ್ತಿಕೊಳ್ಳುತ್ತಾರೆ. ಆಯುಧಪೂಜೆಯ ಹಿಂದಿನ ದಿನವಂತೂ ಮನೆಯ ಎಲ್ಲ ಅಲಗುಗಳನ್ನೂ ಹೊರಗೆ ತೆಗೆದು ಮಸೆಯುತ್ತೇನೆ. ಮಾರನೇ ದಿನ ಕುಂಕುಮ ಇಟ್ಟು ಅವುಗಳಿಗೆ ರಜೆ.

ಜೇಬಿನ ಚಾಕುವಿಗೂ ಇದೇ ಅಳತೆಗೋಲು. ಸ್ವಿಸ್ ಸೇನೆಗೆ ಕಾರ್ಲ್ ಎಲ್ಸೆನರ್ ಎಂಬ ಚಾಕು ತಯಾರಕ 1891ರಲ್ಲಿ ಚಾಕು ಪೂರೈಸತೊಡಗಿದ. ನಾವೆಲ್ಲ ನೋಡಿರುವ ಕೆಂಪು ಚಾಕುವಿನ ಪೂರ್ವಜ 1897ರದ್ದು. ಅದರ ಉಕ್ಕು ಮೆದು ಎಂದು ಮೂಗು ಮುರಿಯುವವರಿದ್ದಾರೆ. ಮೆದುವಾಗಿರುವುದರಿಂದಲೇ ಪಿಂಗಾಣಿ ಕಪ್ಪಿನ ತಳಕ್ಕೆ ನಾಲ್ಕು ಸಲ ಎಳೆದರೆ ಹರಿತವಾಗುತ್ತದೆ. ವಜ್ರದ ಪುಡಿಯ ತಟ್ಟೆಯಿಲ್ಲದೆ ಮಸೆಯಲಾಗದ ದುಬಾರಿ ಉಕ್ಕು ಸೀಬೆಕಾಯಿ ಹೆಚ್ಚಲು, ಕೊರಿಯರ್ ಡಬ್ಬಿ ಬಿಚ್ಚಲು ಯಾಕೆ? ಒಂದು ಎಚ್ಚರ: ಈ ಚಾಕುವಿನ ಅಲಗಿಗೆ ಬೀಗವಿಲ್ಲ, ಸ್ಪ್ರಿಂಗಿನ ಬಿಗಿ ಮಾತ್ರ. ಮೊನೆಯಿಂದ ಚುಚ್ಚಿ ಒತ್ತಿದರೆ ಬೆರಳ ಮೇಲೇ ಮಡಚಿಕೊಳ್ಳುತ್ತದೆ. ಫ್ರಾನ್ಸಿನ ಓಪಿನೆಲ್ ಚಾಕುವಿಗೆ 1955ರಿಂದ ತಿರುಗಿಸುವ ಬಳೆಯ ಬೀಗವಿದೆ, ಅದು ನನಗೆ ಅಚ್ಚುಮೆಚ್ಚು. ಮಳೆಯಲ್ಲಿ ನೆನೆದರೆ ಮಾತ್ರ ಅದರ ಮರದ ಹಿಡಿ ಉಬ್ಬಿ ಅಲಗು ತೆರೆಯುವುದೇ ಕಷ್ಟ. ಮೆಟ್ರೋ ನಿಲ್ದಾಣದ ಸ್ಕ್ಯಾನರಿನಲ್ಲಿ ಚಾಕು ಕಂಡರೆ ತಡೆಯಬಹುದು. ವಿಮಾನಕ್ಕೆ ಹೋಗುವಾಗ, ನಾವು ಕೌಂಟರಿನಲ್ಲಿ ಒಪ್ಪಿಸುವ ಚೀಲಕ್ಕೆ ಹಾಕಬೇಕು. ಕಾನೂನೂ ತಿಳಿದಿರಲಿ: ಗೃಹ, ಕೃಷಿ, ವಿಜ್ಞಾನ ಅಥವಾ ಕೈಗಾರಿಕೆಯ ಕೆಲಸಕ್ಕಲ್ಲದೆ ಮಾಡಿದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ನಮ್ಮ ಶಸ್ತ್ರಾಸ್ತ್ರ ನಿಯಮಗಳು ಆಯುಧವೆಂದೇ ಎಣಿಸುತ್ತವೆ.

ಸಾವನದುರ್ಗ, ಮಾಕಳಿದುರ್ಗ ಹತ್ತುವವರ ಬೆನ್ನಚೀಲದಲ್ಲಿ ಈಚೆಗೆ ಮೊಳದುದ್ದದ ಕಪ್ಪು ಬಳಿದ ಚಾಕುಗಳನ್ನು ನೋಡುತ್ತೇನೆ. ಆ ಬೆಟ್ಟಗಳಲ್ಲಿ ಅದಕ್ಕೆ ಕೆಲಸವೇ ಇಲ್ಲ. ಕಾಡಿನಲ್ಲಿ ಮರ ಕಡಿಯುವಂತಿಲ್ಲ, ಬೆಂಕಿ ಹಾಕುವಂತಿಲ್ಲ. ಉಳಿದದ್ದು ಹಗ್ಗ ಕತ್ತರಿಸುವುದು, ಸೌತೆಕಾಯಿ ಹೆಚ್ಚುವುದು, ಮುಳ್ಳು ತೆಗೆಯುವುದು. 9-10 ಸೆಂಟಿಮೀಟರಿನ, ಮಡಚದ, ಒರೆಯಿರುವ ಸಾದಾ ಚಾಕು ಬೇಕಾದಷ್ಟಾಯಿತು. ಅಭಯಾರಣ್ಯಕ್ಕಾಗಲಿ ಬನ್ನೇರುಘಟ್ಟದಂಥ ರಾಷ್ಟ್ರೀಯ ಉದ್ಯಾನಕ್ಕಾಗಲಿ ಹೋಗುವವರು ಅದನ್ನೂ ಬಿಟ್ಟು ಹೋಗಬೇಕು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧದ ವ್ಯಾಖ್ಯೆಯಲ್ಲಿ ಚಾಕುವನ್ನೂ ಹೆಸರಿಸುತ್ತದೆ, ಲಿಖಿತ ಅನುಮತಿಯಿಲ್ಲದೆ ಆಯುಧ ಹಿಡಿದು ಒಳಹೋಗುವಂತಿಲ್ಲ. ಬಳಸುವಾಗ ಕೂತು ಬಳಸಿ, ತೋಳಳತೆಯೊಳಗೆ ಯಾರೂ ಇರದಂತೆ ನೋಡಿಕೊಳ್ಳಿ. ಕೋಲನ್ನು ತೊಡೆಗಳ ನಡುವೆ ಹಿಡಿದು ಕೆತ್ತುವುದಂತೂ ಬೇಡವೇ ಬೇಡ. ತೊಡೆಯ ಒಳಬದಿಯಲ್ಲಿ ದೊಡ್ಡ ರಕ್ತನಾಳವಿದೆ, ಅದು ಕೊಯ್ದರೆ ಬೆಟ್ಟದ ತುದಿಯಿಂದ ಆಸ್ಪತ್ರೆ ಬಹಳ ದೂರ.

ನಿಜಕ್ಕೂ ಕಡಿಯುವ ಅಲಗು ನೋಡಬೇಕೆಂದರೆ ಎಳನೀರು ಗಾಡಿಯ ಮುಂದೆ ನಿಲ್ಲಿ. ಆ ಮಚ್ಚಿನ ಬೆನ್ನು ದಪ್ಪ, ಅಂಚಿನ ಹತ್ತಿರ ಕೆನ್ನೆ ಉಬ್ಬಿರುತ್ತದೆ, ಟೊಮೇಟೊ ಚಾಕುವಿನಷ್ಟು ತೆಳು ಅಲ್ಲ. ಕಾಯಿಯನ್ನು ಎಡಗೈಯಲ್ಲಿ ತಿರುಗಿಸುತ್ತಾ ಮೂರು ಏಟು ಓರೆಯಾಗಿ ಹಾಕಿ, ನಾಲ್ಕನೆಯದನ್ನು ಅಡ್ಡ ಬೀಸಿ, ಮೊನೆಯಿಂದ ಮುಚ್ಚಳ ಎಬ್ಬಿಸುತ್ತಾರೆ. ನೀರು ತುಳುಕುವುದಿಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫುಟ್‌ಪಾತಿನ ಕಲ್ಲಿಗೋ, ಗಾಡಿಯಲ್ಲಿಟ್ಟ ಕಲ್ಲಿನ ತುಂಡಿಗೋ ನೀರು ಹಾಕಿ ಮಸೆಯುತ್ತಿರುತ್ತಾರೆ. ದಿನಕ್ಕೆ ನೂರಾರು ಕಾಯಿ ಕೆತ್ತುವವರ ಹತ್ತಿರ ಇರುವುದು ಕಮ್ಮಾರ ಮಾಡಿಕೊಟ್ಟ ಒಂದು ಮಚ್ಚು, ಒಂದು ಕಲ್ಲು.

ಮಸೆದು ಮಸೆದು ಅಲಗು ಕಡ್ಡಿಯಾದ ಮೇಲೆ, ಇಲ್ಲವೇ ಮೊನೆ ಮುರಿದ ಮೇಲೆ, ಚಾಕುವನ್ನು ಕಸಕ್ಕೆ ಹಾಕುವ ರೀತಿಯೂ ಒಂದಿದೆ. ಒಣ ಕಸದ ಚೀಲದಲ್ಲಿ ಹಾಗೇ ಎಸೆಯಬೇಡಿ. ನಮ್ಮ ಪೌರಕಾರ್ಮಿಕರು ಆ ಚೀಲವನ್ನು ಕೈಯಲ್ಲೇ ಬಿಚ್ಚಿ ಬೇರ್ಪಡಿಸುತ್ತಾರೆ, ಎಷ್ಟೋ ಜನರ ಕೈಗೆ ಗ್ಲೌಸ್ ಇರುವುದಿಲ್ಲ. ಅಲಗಿಗೆ ದಪ್ಪ ರಟ್ಟು ಎರಡು ಸುತ್ತು ಸುತ್ತಿ, ಟೇಪು ಬಿಗಿದು, ಮೇಲೆ ದೊಡ್ಡಕ್ಷರದಲ್ಲಿ 'ಚಾಕು' ಎಂದು ಬರೆದು ಪ್ರತ್ಯೇಕವಾಗಿ ಕೈಗೆ ಕೊಡಿ. ಗುಜರಿಯವರಿಗೆ ಹಾಕುವುದಾದರೂ ಹೀಗೇ ಸುತ್ತಿ, "ಒಳಗೆ ಚಾಕು ಇದೆ, ನೋಡ್ಕೊಂಡು ತೆಗೀರಿ" ಎಂದು ಹೇಳಿಯೇ ಕೊಡಿ.